ತೋಟದ ಕೆಲಸ ಮುಗಿಸಿ ಬಂದವರ ಸಿನಿಮಾ: ಹೆಗ್ಗೋಡಿನ ಚಿತ್ರಸಮಾಜದ ಪ್ರಕರಣ

ನಾವು ಐದಾರು ಜನ ಸೇರಿ ನಮ್ಮೂರಿನಲ್ಲಿ ತಿಂಗಳಿಗೊಂದು ಒಳ್ಳೆಯ ಸಿನಿಮಾ ತೋರಿಸೋಣ ಅಂತ ಹೊರಟಾಗ ಮೊದಲ ಪ್ರದರ್ಶನಕ್ಕೆ ಸುಮಾರು 60 ಜನ ಬಂದಿದ್ದರು. ಶಾಲೆಯೊಂದರ ಸಭಾಂಗಣ, ಬಾಡಿಗೆಗೆ ತಂದ ಪ್ರೊಜೆಕ್ಟರ್, ಗೋಡೆಗೆ ಬಿಗಿದ ಬಿಳಿ ಬಟ್ಟೆ. ಹಾಕಿದ್ದು ಇರಾನಿನ ಒಂದು ಚಿತ್ರ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಏಳತೊಡಗಿದರು. ಚಿತ್ರ ಮುಗಿದು ದೀಪ ಹಾಕಿದಾಗ ಉಳಿದಿದ್ದವರು 14 ಮಂದಿ, ಅದರಲ್ಲಿ ಆರು ಜನ ನಾವೇ. ಕುರ್ಚಿ ಎತ್ತಿಡುವಾಗ ಗೆಳೆಯರೊಬ್ಬರು, ‘ನಮ್ಮ ಜನಕ್ಕೆ ಇದೆಲ್ಲ ಹಿಡಿಸೋದಿಲ್ಲ, ಸುಮ್ಮನೆ ಯಾಕೆ’ ಅಂದರು.

ಆ ಮಾತನ್ನು ನಾನು ಒಪ್ಪಲಿಲ್ಲ. ಒಪ್ಪದಿರಲು ನನ್ನ ಹತ್ತಿರ ಒಂದೇ ಒಂದು ಕಾರಣವಿತ್ತು, ಅದು ಹೆಗ್ಗೋಡು. ನಮ್ಮೂರಿನಂಥದೇ ಮಳೆ, ನಮ್ಮೂರಿನಂಥವೇ ತೋಟ, ನಮ್ಮವರಂಥವರೇ ಜನ ಇರುವ ಆ ಹಳ್ಳಿಯಲ್ಲಿ 1973ರಷ್ಟು ಹಿಂದೆಯೇ ಒಂದು ಫಿಲ್ಮ್ ಸೊಸೈಟಿ ಶುರುವಾಗಿ, ಅಡಿಕೆ ಬೆಳೆಗಾರರು ಜಪಾನಿನ, ಇಟಲಿಯ, ಬಂಗಾಳದ ಚಿತ್ರಗಳನ್ನು ನೋಡಿದ್ದಾರೆ, ಚರ್ಚಿಸಿದ್ದಾರೆ, ದಶಕಗಳ ಕಾಲ ನೆನಪಿಟ್ಟುಕೊಂಡಿದ್ದಾರೆ. ಅಲ್ಲಿ ಆದದ್ದು ನಮ್ಮಲ್ಲಿ ಯಾಕೆ ಆಗಲಿಲ್ಲ? ಈ ಪ್ರಶ್ನೆ ಇಟ್ಟುಕೊಂಡೇ ಆ ಸೊಸೈಟಿಯ, ಅಂದರೆ ನೀನಾಸಮ್ ಚಿತ್ರಸಮಾಜದ, ಕತೆಯನ್ನು ಮತ್ತೆ ಮೊದಲಿನಿಂದ ಓದಿಕೊಂಡೆ. ಈ ಬರಹ ಆ ಓದಿನಿಂದ ಬಂದದ್ದು.

ಹೆಗ್ಗೋಡು ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ತಗ್ಗಿನಲ್ಲಿ ಅಡಿಕೆ ತೋಟ, ತೋಟದಂಚಿಗೆ ಒಂದೊಂದು ಮನೆ. ಪೇಟೆಗೆ ಅಂತ ಹೋಗಬೇಕೆಂದರೆ ಸಾಗರಕ್ಕೇ ಹೋಗಬೇಕು. ಇಲ್ಲಿ 1949ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದ ಕೆ.ವಿ. ಸುಬ್ಬಣ್ಣ ಮತ್ತು ಅವರ ಸಂಗಡಿಗರು ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂಬ ಹವ್ಯಾಸಿ ನಾಟಕ ತಂಡ ಕಟ್ಟಿದರು. ಆ ಉದ್ದ ಹೆಸರಿನ ಮೊದಲಕ್ಷರಗಳು ಸೇರಿ ನೀನಾಸಮ್ ಆಯಿತು. ಮುಂದೆ ರಂಗಮಂದಿರ ಎದ್ದಿತು, ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. ಈ ಹೆಸರು ಸಿನಿಮಾಕ್ಕೂ ಒಪ್ಪುವಂಥದು. ಕನ್ನಡದಲ್ಲಿ ಮಾತಿನ ಚಿತ್ರ ಬರುವ ಮೊದಲೇ, 1930ರ ಆಸುಪಾಸಿನಲ್ಲಿ, ಕಾರಂತರು ಮೂಕಿ ಚಿತ್ರ ಮಾಡಲು ಕೈಹಾಕಿದ್ದವರು.

ಚಿತ್ರಸಮಾಜ ಹುಟ್ಟಿದ್ದು 1973ರಲ್ಲಿ. 1949ರಿಂದ 1973ರವರೆಗೆ 24 ವರ್ಷ. ನನ್ನ ಪ್ರಕಾರ ಈ ಪ್ರಕರಣದ ಕೀಲಿ ಇರುವುದು ಇಲ್ಲಿಯೇ. ಸಿನಿಮಾ ಬರುವ ಹೊತ್ತಿಗೆ ಆ ಊರಿಗೆ ಒಟ್ಟಿಗೆ ಕೂತು ನೋಡುವ ಅಭ್ಯಾಸ ಆಗಿಹೋಗಿತ್ತು. ನಾಟಕದಲ್ಲಿ ಪಾತ್ರ ಮಾಡಿದವನು ಬೆಳಗಾದರೆ ಪಕ್ಕದ ತೋಟದಲ್ಲಿ ಸಿಗುತ್ತಿದ್ದ. ‘ನಿನ್ನೆ ಎರಡನೇ ಅಂಕದಲ್ಲಿ ನೀನು ಅವಸರ ಮಾಡಿದೆ’ ಅಂತ ಅವನಿಗೆ ಮುಖದ ಮೇಲೆಯೇ ಹೇಳುವವರು ಊರಿನ ತುಂಬ ಇದ್ದರು. ನೋಡಿದ್ದರ ಬಗ್ಗೆ ಮಾತಾಡುವುದು ಅಲ್ಲಿ ಹೊಸದಾಗಿ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ. ನಾವು ನಮ್ಮೂರಲ್ಲಿ ಮೊದಲ ದಿನವೇ ಪರದೆ ಕಟ್ಟಿದೆವು. ಪರದೆಯ ಮುಂದೆ ಕೂರುವವರಿಗೆ ಒಬ್ಬರಿಗೊಬ್ಬರ ಪರಿಚಯವೂ ಸರಿಯಾಗಿ ಇರಲಿಲ್ಲ.

ಆಗ ದೇಶದಲ್ಲಿ ಫಿಲ್ಮ್ ಸೊಸೈಟಿ ಅಂದರೆ ನಗರದ ಸಂಗತಿ. ಸತ್ಯಜಿತ್ ರೇ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದ್ದು 1947ರಲ್ಲಿ. ದೇಶದ ಸೊಸೈಟಿಗಳೆಲ್ಲ ಸೇರಿ 1959ರಲ್ಲಿ ಒಕ್ಕೂಟ ಮಾಡಿಕೊಂಡವು, ಅದಕ್ಕೂ ರೇ ಅವರೇ ಅಧ್ಯಕ್ಷರು. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರಾ ಶುರುವಾಯಿತು. ಇವುಗಳ ಸದಸ್ಯರೆಂದರೆ ಪ್ರಾಧ್ಯಾಪಕರು, ಬ್ಯಾಂಕ್ ನೌಕರರು, ಕಾಲೇಜು ಹುಡುಗರು, ಪತ್ರಕರ್ತರು. ಇಂಗ್ಲಿಷ್ ಓದಬಲ್ಲವರು, ಸಂಜೆ ಆರಕ್ಕೆ ಕಚೇರಿ ಬಿಟ್ಟು ಬಸ್ಸು ಹಿಡಿಯುವವರು. ಅವರ ಕೆಲಸವನ್ನು ನಾನು ಹಗುರವಾಗಿ ನೋಡುವುದಿಲ್ಲ. 70ರ ದಶಕದ ಕನ್ನಡ ಹೊಸ ಅಲೆಯ ಚಿತ್ರಗಳಿಗೆ ಬೆನ್ನು ಕೊಟ್ಟ ಪ್ರೇಕ್ಷಕರು ಬಹುಪಾಲು ಅಲ್ಲಿಂದಲೇ ಬಂದವರು. ಆದರೆ ಆ ಮಾದರಿಯನ್ನು ಹಾಗೇ ಎತ್ತಿ ಹಳ್ಳಿಯಲ್ಲಿಟ್ಟರೆ ಆಗುವುದು ನಮ್ಮ ಮೊದಲ ಪ್ರದರ್ಶನಕ್ಕೆ ಆದದ್ದೇ.

ಮಲೆನಾಡಿಗೆ ಆವರೆಗೆ ಸಿನಿಮಾ ಬರುತ್ತಿದ್ದದ್ದು ಟೂರಿಂಗ್ ಟಾಕೀಸಿನಲ್ಲಿ. ಮಳೆ ನಿಂತ ಮೇಲೆ ಗದ್ದೆ ಬಯಲಿನಲ್ಲಿ ಟೆಂಟು ಏಳುತ್ತಿತ್ತು. ನೆಲಕ್ಕೊಂದು ದರ, ಬೆಂಚಿಗೊಂದು ದರ, ಕುರ್ಚಿಗೊಂದು ದರ. ಧ್ವನಿವರ್ಧಕದಲ್ಲಿ ದೇವರ ಹಾಡು ಕೇಳಿತೆಂದರೆ ಟಿಕೆಟ್ ಕೊಡಲು ಶುರು ಮಾಡಿದರು ಅಂತ ಅರ್ಥ, ಊಟ ಅರ್ಧಕ್ಕೇ ಬಿಟ್ಟು ಓಡುವ ಹೊತ್ತು. ತೀರ್ಥಹಳ್ಳಿ ಸೀಮೆಯ ಕೆಸಲೂರಿನಲ್ಲಿ ಬೆಳೆದ ಗಿರೀಶ್ ಕಾಸರವಳ್ಳಿಯವರಿಗೆ ಸಿನಿಮಾದ ಮೊದಲ ಗೀಳು ಹತ್ತಿದ್ದು ಇಂಥ ಟೆಂಟಿನಿಂದಲೇ. ಸುಬ್ಬಣ್ಣ ಅವರಿಗೆ ಸೋದರಮಾವ. ಟೆಂಟು ಮತ್ತು ಚಿತ್ರಸಮಾಜ ಎರಡೂ ಒಂದೇ ನೆಲದ ಮೇಲೆ ನಿಂತವು ಎನ್ನುವುದಕ್ಕಾಗಿ ಇದನ್ನು ಹೇಳಿದೆ. ಸಿನಿಮಾ ನೋಡುವ ಆಸೆ ಜನಕ್ಕೆ ಇದ್ದೇ ಇತ್ತು. ಯಾವ ಸಿನಿಮಾ ಎನ್ನುವುದು ಮಾತ್ರ ಬೇರೆ ಯಾರೋ ತೀರ್ಮಾನಿಸುತ್ತಿದ್ದ ಸಂಗತಿಯಾಗಿತ್ತು.

ಹಾಗಾದರೆ ಫಿಲ್ಮು ಎಲ್ಲಿಂದ ಬರಬೇಕು? ಇಲ್ಲಿ ಪುಣೆ ಬರುತ್ತದೆ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಅಲ್ಲಿ ಶುರುವಾಗಿತ್ತು. ಅದನ್ನು ಕೈಯಾರೆ ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಪಕ್ಕದಲ್ಲೇ ಫಿಲ್ಮ್ ಇನ್‌ಸ್ಟಿಟ್ಯೂಟ್. ಅಲ್ಲಿ ಚಿತ್ರ ರಸಗ್ರಹಣ, ಅಂದರೆ ಸಿನಿಮಾವನ್ನು ನೋಡಿ ಸವಿಯುವ ಬಗೆ, ಕಲಿಸುತ್ತಿದ್ದವರು ಸತೀಶ್ ಬಹಾದ್ದೂರ್. ಆಗ್ರಾದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದು, ಅಲ್ಲಿಯೇ ಫಿಲ್ಮ್ ಸೊಸೈಟಿ ನಡೆಸಿ ಸಿನಿಮಾದ ಕಡೆಗೆ ಬಂದವರು. ಈ ಇಬ್ಬರೂ ಹೆಗ್ಗೋಡನ್ನು ತಮ್ಮದೇ ಊರಿನಂತೆ ಹಚ್ಚಿಕೊಂಡರು. ಸಂಗ್ರಹಾಲಯವೆಂದರೆ ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ಕಾಯುವ ಜಾಗ ಎಂದು ತಿಳಿಯಲು ನಾಯರ್ ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಸರ್ಕಾರಿ ನೌಕರಿಯಲ್ಲಿ ಹಾಗೆ ತಿಳಿದವರೇ ಹೆಚ್ಚು. ಅವರು ಹಾಗೆ ತಿಳಿಯಲಿಲ್ಲ. ಮಲೆನಾಡಿನ ಮೂಲೆಯ ಹಳ್ಳಿಗೂ ಡಬ್ಬಿಗಳು ಹೋಗಬೇಕು ಎಂದುಕೊಂಡರು.

ಆ ಡಬ್ಬಿಗಳ ಬಗ್ಗೆ ಒಂದೆರಡು ಮಾತು ಹೇಳಬೇಕು, ಯಾಕೆಂದರೆ ಈಗಿನ ಹುಡುಗರು ಅವನ್ನು ನೋಡಿಲ್ಲ. ಫಿಲ್ಮ್ ಸೊಸೈಟಿಗಳ ಊಟ ತಿಂಡಿಯೆಲ್ಲ 16 ಮಿಲಿಮೀಟರ್ ಫಿಲ್ಮಿನ ಮೇಲೆ ನಡೆಯುತ್ತಿತ್ತು. ಚಿತ್ರಮಂದಿರದ 35 ಮಿಲಿಮೀಟರ್ ಯಂತ್ರ ನೆಲಕ್ಕೆ ಬೋಲ್ಟು ಹಾಕಿ ಕೂರಿಸುವಂಥದು. 16ರ ಪ್ರೊಜೆಕ್ಟರನ್ನು ಒಬ್ಬ ಮನುಷ್ಯ ಎತ್ತಿಕೊಂಡು ಬಂದು ಮೇಜಿನ ಮೇಲೆ ಇಡಬಹುದು. ನಿಮಿಷಕ್ಕೆ 36 ಅಡಿ ಫಿಲ್ಮು ಓಡುತ್ತದೆ. 1,600 ಅಡಿಯ ದೊಡ್ಡ ಸುರುಳಿ ಹಾಕಿದರೆ ಸುಮಾರು 44 ನಿಮಿಷ. ‘ಬೈಸಿಕಲ್ ಥೀವ್ಸ್’ ಚಿತ್ರದ ಅವಧಿ ಸುಮಾರು 89 ನಿಮಿಷ, ಅಂದರೆ ಎರಡು ದೊಡ್ಡ ಸುರುಳಿ. ಒಂದೇ ಪ್ರೊಜೆಕ್ಟರ್ ಇದ್ದಲ್ಲಿ ಮೊದಲ ಸುರುಳಿ ಮುಗಿದ ಕೂಡಲೆ ಫಿಲ್ಮಿನ ಬಾಲ ಪಟಪಟ ಹೊಡೆದುಕೊಳ್ಳುತ್ತದೆ, ಪರದೆ ಬೆಳ್ಳಗಾಗುತ್ತದೆ, ಯಾರೋ ದೀಪ ಹಾಕುತ್ತಾರೆ. ಎರಡನೆಯ ಸುರುಳಿಯನ್ನು ಹಲ್ಲುಗಳ ಮೇಲೆ ಕೂರಿಸಿ, ಕುಣಿಕೆ ಬಿಟ್ಟು, ಗೇಟು ಮುಚ್ಚುವವರೆಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರಬೇಕು. ಆ ಐದು ನಿಮಿಷದಲ್ಲಿ ಜನ ಸುಮ್ಮನೆ ಇರುವುದಿಲ್ಲ. ಸೈಕಲ್ಲು ಸಿಕ್ಕೀತೋ ಇಲ್ಲವೋ ಎಂದು ಪಕ್ಕದವರನ್ನು ಕೇಳುತ್ತಾರೆ. ಯಂತ್ರದ ಕೊರತೆಯೇ ಅಲ್ಲಿ ಮಾತಿಗೆ ಎಡೆ ಮಾಡಿಕೊಡುತ್ತಿತ್ತು ಎಂದು ನನಗೆ ಈಗ ಅನಿಸುತ್ತದೆ.

ಶಿವೇಂದ್ರ ಸಿಂಗ್ ದುಂಗರ್‌ಪುರ್ 2012ರಲ್ಲಿ ನಾಯರ್ ಅವರ ಬಗ್ಗೆ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದಕ್ಕಾಗಿ ಅವರು ಹೆಗ್ಗೋಡಿಗೂ ಬಂದಿದ್ದರು. ವಯಸ್ಸಾದ ಬೆಳೆಗಾರರು ತಾವು ಎಷ್ಟೋ ವರ್ಷಗಳ ಹಿಂದೆ ನೋಡಿದ ಚಿತ್ರಗಳ ಬಗ್ಗೆ ಅದರಲ್ಲಿ ಮಾತಾಡುತ್ತಾರೆ. ಮನೆಯ ಮುಂದೆ ಕೂತು, ನಿನ್ನೆ ಮೊನ್ನೆ ನೋಡಿದವರಂತೆ. ನನ್ನ ಗೆಳೆಯರ ‘ಹಿಡಿಸೋದಿಲ್ಲ’ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

ಆ ಚಿತ್ರಗಳು ಅಲ್ಲಿ ಯಾಕೆ ನಾಟಿದವು? ನನಗೆ ತೋಚಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

‘ಬೈಸಿಕಲ್ ಥೀವ್ಸ್’ 1948ರ ಇಟಲಿಯ ಚಿತ್ರ. ಕೆಲಸವಿಲ್ಲದ ಒಬ್ಬನಿಗೆ ಗೋಡೆಗೆ ಪೋಸ್ಟರ್ ಹಚ್ಚುವ ಕೆಲಸ ಸಿಗುತ್ತದೆ. ಆದರೆ ಸೈಕಲ್ಲು ಇರಲೇಬೇಕು. ಅವನ ಸೈಕಲ್ಲನ್ನು ಆಗಲೇ ಅಡವಿಟ್ಟಾಗಿದೆ. ಹೆಂಡತಿ ಹಾಸಿಗೆಯ ಮೇಲಿನ ಚಾದರಗಳನ್ನು ಎಳೆದು ಗಂಟು ಕಟ್ಟುತ್ತಾಳೆ. ಅದನ್ನು ಅಡವಿಟ್ಟು ಸೈಕಲ್ಲು ಬಿಡಿಸಿಕೊಳ್ಳುತ್ತಾರೆ. ಮೊದಲ ದಿನವೇ ಅದು ಕಳವಾಗುತ್ತದೆ. ಒಂದನ್ನು ಬಿಡಿಸಲು ಇನ್ನೊಂದನ್ನು ಅಡವಿಡುವುದು ಏನೆಂದು ಬೆಳೆ ಕೊಳೆ ರೋಗಕ್ಕೆ ತುತ್ತಾದ ವರ್ಷ ಸಹಕಾರಿ ಸೊಸೈಟಿಯ ಸಾಲ ತೀರಿಸಿದವನಿಗೆ ಯಾರಾದರೂ ವಿವರಿಸಬೇಕೆ? ಸಬ್‌ಟೈಟಲ್ ಓದದಿದ್ದರೂ ಆ ಚಾದರದ ಗಂಟು ಅರ್ಥವಾಗುತ್ತದೆ. ಕೊನೆಗೆ ಅಪ್ಪನೇ ಇನ್ನೊಬ್ಬರ ಸೈಕಲ್ಲು ಕದಿಯಲು ಹೋಗಿ ಸಿಕ್ಕಿಬೀಳುವಾಗ ಮಗ ನೋಡುತ್ತ ನಿಂತಿರುತ್ತಾನೆ. ಅಲ್ಲಿ ಬೇಕಾದ ಭಾಷೆ ಇಟಾಲಿಯನ್ನೂ ಅಲ್ಲ, ಇಂಗ್ಲಿಷೂ ಅಲ್ಲ.

ಜಪಾನಿನ ಅಕಿರಾ ಕುರೊಸಾವಾ ಅವರ ‘ರಾಶೊಮಾನ್’ ಕಷ್ಟದ ಚಿತ್ರ ಎಂದು ಪೇಟೆಯವರು ಹೇಳುವುದುಂಟು. ಕಾಡಿನಲ್ಲಿ ಒಂದು ಸಾವು. ದರೋಡೆಗಾರ ಒಂದು ಹೇಳುತ್ತಾನೆ, ಸತ್ತವನ ಹೆಂಡತಿ ಇನ್ನೊಂದು ಹೇಳುತ್ತಾಳೆ, ಸತ್ತವನು ತಾನೇ ಒಬ್ಬಳ ಮೈಮೇಲೆ ಬಂದು ಮತ್ತೊಂದು ಹೇಳುತ್ತಾನೆ, ಸೌದೆ ಕಡಿಯುವವನದು ಬೇರೆಯೇ. ಯಾರದು ನಿಜ ಎಂದು ಚಿತ್ರ ಹೇಳುವುದಿಲ್ಲ. ಈಗ ಯೋಚಿಸಿ: ಇದನ್ನು ನೋಡಲು ಕೂತವರು ತಾಳಮದ್ದಲೆಯ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಊರಿನವರು. ವಾಲಿವಧೆ ಪ್ರಸಂಗದಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಗಂಟೆಗಟ್ಟಲೆ ಪ್ರಶ್ನಿಸುತ್ತಾನೆ. ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ ಆ ರಾತ್ರಿ ವಾಲಿಯದೇ ಸರಿ ಎನಿಸುತ್ತದೆ. ಮುಂದಿನ ವಾರ ಇನ್ನೊಂದು ಊರಿನಲ್ಲಿ ರಾಮನ ಅರ್ಥಧಾರಿ ಗೆಲ್ಲುತ್ತಾರೆ. ಒಂದೇ ಘಟನೆಯನ್ನು ಪ್ರತಿಯೊಬ್ಬನೂ ತನ್ನ ಕಡೆಯಿಂದ ಸಾಧಿಸುವುದನ್ನು ಚಾಪೆಯ ಮೇಲೆ ಕೂತು ಬೆಳಗಿನ ತನಕ ಕೇಳಿದವರಿಗೆ ಕುರೊಸಾವಾ ಎತ್ತಿದ ಪ್ರಶ್ನೆ ಹೊಸತಲ್ಲ. ಇನ್ನು ಸತ್ತವನು ಮೈಮೇಲೆ ಬಂದು ಮಾತಾಡುವುದಕ್ಕೆ ನಮ್ಮ ಕಡೆ ಟಿಪ್ಪಣಿಯೇ ಬೇಡ. ಆ ಪ್ರೇಕ್ಷಕರಿಗೆ ತಯಾರಿ ಇರಲಿಲ್ಲ ಎನ್ನುವುದು ತಪ್ಪು. ಇದ್ದ ತಯಾರಿಯನ್ನು ನಗರದವರು ತಯಾರಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ. ಸುಬ್ಬಣ್ಣ ಹಿಡಿದರು.

ಆದರೂ ಬರೀ ಹಾಕಿ ಬಿಟ್ಟರೆ ಸಾಕು ಎಂದು ಅವರು ನಂಬಲಿಲ್ಲ. 70ರ ದಶಕದ ಕೊನೆಯ ಹೊತ್ತಿಗೆ ಹೆಗ್ಗೋಡಿನಲ್ಲಿ ಚಿತ್ರ ರಸಗ್ರಹಣ ಶಿಬಿರಗಳು ಶುರುವಾದವು. ಬಹಾದ್ದೂರ್ ಅವರ ಪಾಠದ ಕ್ರಮ ಸರಳ, ಆದರೆ ತಾಳ್ಮೆ ಬೇಡುವಂಥದು: ಚಿತ್ರ ನೋಡಿ, ಅದರ ಒಂದು ತುಣುಕನ್ನು ಮತ್ತೆ ನೋಡಿ, ಅಲ್ಲಿ ಏನು ಕಂಡಿತು, ಏನು ಕೇಳಿಸಿತು, ಯಾವುದರ ನಂತರ ಯಾವುದು ಬಂತು ಎಂದು ಬಿಡಿಸುತ್ತ ಹೋಗುವುದು. ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ ಬಹಾದ್ದೂರ್ ಅವರ ಜೀವಮಾನದ ಪಠ್ಯ. ಅದನ್ನು ಅವರು ಚಿತ್ರಿಕೆ ಚಿತ್ರಿಕೆಯಾಗಿ (ಶಾಟ್ ಶಾಟ್ ಆಗಿ) ಓದಿಸಿದ್ದಾರೆ. ಇದರ ಜೊತೆಗೆ ನೀನಾಸಮ್ ಸಿನಿಮಾದ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನೂ ತಂದಿತು. ಸಂಕಲನ, ಚಿತ್ರಿಕೆ, ಸಮೀಪ ಚಿತ್ರಿಕೆ ಎಂದೆಲ್ಲ ಕನ್ನಡದಲ್ಲೇ ಸಲೀಸಾಗಿ ಮಾತಾಡಬಹುದು ಎನ್ನುವುದು ಇಂಥ ಕೆಲಸದಿಂದ ರೂಢಿಗೆ ಬಂದದ್ದು. ಸಿನಿಮಾ ನೋಡಿದ ಮೇಲೆ ಅದರ ಬಗ್ಗೆ ಮಾತಾಡಲು ಇಂಗ್ಲಿಷೇ ಬೇಕೆಂದಾದರೆ ಸಭೆಯಲ್ಲಿ ಮುಕ್ಕಾಲು ಜನ ಬಾಯಿ ಮುಚ್ಚಿ ಕೂರುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶಿಬಿರಗಳಿಗೆ ಹೊರಗಿನಿಂದ ಮೇಷ್ಟ್ರುಗಳು, ಬರಹಗಾರರು, ವಿದ್ಯಾರ್ಥಿಗಳು ಬಂದರು. ಮುಂದೆ ಇದೇ ಬೆಳೆದು ಸಿನಿಮಾ, ನಾಟಕ, ಸಾಹಿತ್ಯ, ಸಂಗೀತ ಎಲ್ಲ ಸೇರಿದ ಸಂಸ್ಕೃತಿ ಶಿಬಿರವಾಯಿತು. ಅದು ನಡೆಯುವುದು ಅಕ್ಟೋಬರ್ ಹೊತ್ತಿಗೆ. ನಾನು ಎರಡು ಸಲ ಹೋಗಿದ್ದೇನೆ. ಮಳೆ ಹಿಂದೆ ಸರಿದು ಅಡಿಕೆ ಕೊಯ್ಲು ಬಿರುಸಾಗುವ ಮೊದಲಿನ ಬಿಡುವು ಅದು. ಕೊಯ್ಲು ಶುರುವಾದ ಮೇಲೆ ರಾತ್ರಿಯಿಡೀ ಅಡಿಕೆ ಸುಲಿಯುವ ಮನೆಯವರನ್ನು ಯಾವ ಚಿತ್ರೋತ್ಸವಕ್ಕೆ ಕರೆದರೂ ಬರುವುದಿಲ್ಲ. ಬೆಳಗ್ಗೆ ಉಪನ್ಯಾಸ, ಚರ್ಚೆ. ಸಂಜೆ ರಂಗಮಂದಿರದಲ್ಲಿ ನಾಟಕ. ಸಂಜೆಯ ಹೊತ್ತಿಗೆ ಶಿಬಿರದವರ ಜೊತೆಗೆ ಊರವರು ಬಂದು ಸೇರುತ್ತಾರೆ. ಮಗುವನ್ನು ಹೆಗಲಿಗೆ ಹಾಕಿಕೊಂಡವರು, ಟಾರ್ಚು ಹಿಡಿದವರು, ಮಳೆಯನ್ನು ನಂಬದೆ ಕೊಡೆ ತಂದವರು. ಅವರಿಗೆ ಅದು ಅವರ ಮನೆಯಂಗಳ. ಅತಿಥಿಗಳು ನಾವು.

1983ರಿಂದ 85ರವರೆಗೆ ಫೋರ್ಡ್ ಫೌಂಡೇಶನ್ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆ ನಡೆಯಿತು. ನಾಟಕ ಶಿಬಿರಗಳನ್ನೂ ಚಿತ್ರೋತ್ಸವಗಳನ್ನೂ ಹೊತ್ತು ನೀನಾಸಮ್ ರಾಜ್ಯದ ಬೇರೆ ಬೇರೆ ಊರುಗಳಿಗೆ ಹೋಯಿತು. 1985ರಲ್ಲಿ ತಿರುಗಾಟ ಶುರುವಾಯಿತು. ವರ್ಷಕ್ಕೆ ಕೆಲವು ನಾಟಕ ಕಟ್ಟಿ ಊರೂರು ಸುತ್ತುವ ತಂಡ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವೆಲ್ಲ ಗೊತ್ತಿರುವ ಸಂಗತಿಗಳು, ಹೆಚ್ಚು ಬೆಳೆಸುವುದಿಲ್ಲ.

ಬೆಳೆಸಬೇಕಾದ ಪ್ರಶ್ನೆ ಬೇರೆ. ತಿರುಗಾಟ ವರ್ಷ ವರ್ಷವೂ ಹೊರಡುತ್ತ ಬಂತು. ಸಿನಿಮಾ ಹಾಗೆ ನಿಲ್ಲಲಿಲ್ಲ. ನೀನಾಸಮ್ಮಿನ ಕೆಲಸಗಳಲ್ಲಿ ಅದರ ಪಾಲು ಸಣ್ಣದಾಗುತ್ತ ಹೋಯಿತು. ಯಾಕೆ? ಟಿ.ವಿ. ಬಂತು, ವಿಡಿಯೊ ಕ್ಯಾಸೆಟ್ ಬಂತು, ಆಮೇಲೆ ಡಿ.ವಿ.ಡಿ. ಬಂತು ಎನ್ನುವ ಉತ್ತರ ಎಲ್ಲರಿಗೂ ಗೊತ್ತು, ಸುಳ್ಳೂ ಅಲ್ಲ. 16 ಮಿಲಿಮೀಟರಿನ ಪ್ರಪಂಚವೇ ಮುಗಿದುಹೋಯಿತು. ಆದರೆ ಅದಕ್ಕಿಂತ ಒಳಗಿನ ಕಾರಣವೊಂದು ಇದೆ ಎಂದು ನನಗೆ ಕಾಣುತ್ತದೆ. ನಾಟಕವನ್ನು ಊರಿನಲ್ಲೇ ಮಾಡಬಹುದು. ಬೇಕಾದ ದೇಹ, ದನಿ, ಬಟ್ಟೆ, ಬಣ್ಣ ಎಲ್ಲ ಅಲ್ಲಿಯೇ ಹುಟ್ಟುತ್ತವೆ. ಸಿನಿಮಾ ತರಿಸಬೇಕಾದದ್ದು. ಪುಣೆಯಲ್ಲಿ ನಾಯರ್ ಇದ್ದರೆ ಡಬ್ಬಿ ಬರುತ್ತದೆ, ಅವರ ಜಾಗದಲ್ಲಿ ಇನ್ನೊಬ್ಬರು ಕೂತರೆ ಬರಬಹುದು, ಬರದೇ ಇರಬಹುದು. ಚಿತ್ರಸಮಾಜದ ಬೇರು ಹೆಗ್ಗೋಡಿನಲ್ಲಿದ್ದರೂ ನೀರು ಹೊರಗಿನಿಂದ ಬರಬೇಕಿತ್ತು. ಒಳ್ಳೆಯ ಮನಸ್ಸಿನ ಇಬ್ಬರು ಮೂವರನ್ನು ನೆಚ್ಚಿ ನಿಂತ ವ್ಯವಸ್ಥೆ ಅವರು ಇರುವಷ್ಟು ದಿನ ಚೆನ್ನಾಗಿರುತ್ತದೆ. ನಾಯರ್ 1991ರಲ್ಲಿ ನಿವೃತ್ತರಾದರು. ಸುಬ್ಬಣ್ಣ 2005ರ ಜುಲೈಯಲ್ಲಿ, ಬಹಾದ್ದೂರ್ 2010ರಲ್ಲಿ ತೀರಿಕೊಂಡರು. ನಾಯರ್ ಹೋದದ್ದು 2016ರಲ್ಲಿ.

ಇನ್ನೊಂದನ್ನೂ ಹೇಳಬೇಕು. ಊರವರು ನೋಡಿದರು ಎನ್ನುವಾಗ ಊರೆಂದರೆ ಯಾರು? ತೋಟದ ಒಡೆಯರು ಬರುವುದು ಒಂದು, ತೋಟದಲ್ಲಿ ಕೂಲಿ ಮಾಡುವವರು ಬಂದು ಅದೇ ಸಾಲಿನಲ್ಲಿ ಕೂರುವುದು ಇನ್ನೊಂದು. ಮನೆಯ ಗಂಡಸರು ಬರುವುದು ಸುಲಭ, ರಾತ್ರಿ ಅಡುಗೆ ಮುಗಿಸಿ ಹೆಂಗಸರು ಬರುವುದು ಕಷ್ಟ. ನೀನಾಸಮ್ಮಿನ ಮೇಲಿನ ಗೌರವಕ್ಕೆ ಕುಂದು ತಾರದೆಯೂ ಇದನ್ನು ಕೇಳಬಹುದು. ನಮ್ಮ ಸಭಾಂಗಣದಲ್ಲಿ ನಾನು ಪ್ರತಿ ಸಲ ಎಣಿಸುವುದೇ ಇದನ್ನು. ಮೊದಲ ದಿನದ 60 ಜನರಲ್ಲಿ ಹೆಂಗಸರು ಒಂಬತ್ತು.

ಹೆಗ್ಗೋಡಿನಿಂದ ನಾವು ತಂದುಕೊಂಡದ್ದು ಹೆಚ್ಚೇನಿಲ್ಲ. ಮೊದಲನೆಯದು, ಸಿನಿಮಾಕ್ಕೆ ಮುಂಚೆ ಜನರನ್ನು ಕೂಡಿಸಬೇಕು ಎನ್ನುವುದು. ಮೂರು ತಿಂಗಳು ಸಿನಿಮಾ ನಿಲ್ಲಿಸಿದೆವು. ಆ ಮೂರು ತಿಂಗಳು ಅದೇ ಸಭಾಂಗಣದಲ್ಲಿ ಒಂದು ತಾಳಮದ್ದಲೆ, ಮಕ್ಕಳದೊಂದು ನಾಟಕ, ಊರಿನ ಹಳೆಯ ಫೋಟೊಗಳ ಪ್ರದರ್ಶನ ಇಟ್ಟೆವು. ಫೋಟೊ ಪ್ರದರ್ಶನಕ್ಕೆ ಬಂದ ಜನ ನಮ್ಮನ್ನೇ ಬೆರಗುಗೊಳಿಸಿದರು. ಮನೆಮನೆಯ ಪೆಟ್ಟಿಗೆಗಳಿಂದ ಮದುವೆಯ ಫೋಟೊ, ಶಾಲೆಯ ಗ್ರೂಪ್ ಫೋಟೊ, ಕೆರೆ ಹೂಳೆತ್ತುವ ಫೋಟೊ ಬಂದವು. ಫೋಟೊ ಕೊಟ್ಟವರು ಮನೆಮಂದಿಯೊಂದಿಗೆ ಬಂದರು. ಸಭಾಂಗಣದ ದಾರಿ ಅವರಿಗೆ ಗೊತ್ತಾಯಿತು, ನಮ್ಮ ಮುಖ ಗೊತ್ತಾಯಿತು. ಪ್ರದರ್ಶನದ ಹೊತ್ತನ್ನು ರಾತ್ರಿಯಿಂದ ಭಾನುವಾರ ಮಧ್ಯಾಹ್ನ ಮೂರಕ್ಕೆ ತಂದೆವು. ಹೆಂಗಸರ ಸಂಖ್ಯೆ ಇದರಿಂದಲೇ ಏರಿತು.

ಎರಡನೆಯದು ಭಾಷೆ. ಚಿತ್ರ ಶುರುವಾಗುವ ಮೊದಲು ಹತ್ತು ನಿಮಿಷ ಕನ್ನಡದಲ್ಲಿ ಪರಿಚಯ. ಕತೆಯ ಕೊನೆ ಬಿಟ್ಟುಕೊಡದೆ, ಯಾರು ಯಾರಿಗೆ ಏನಾಗಬೇಕು ಎಂದು ಮಾತ್ರ. ಮುಖ್ಯ ಮಾತುಗಳನ್ನು ಮೊದಲೇ ಕನ್ನಡಕ್ಕೆ ತಂದು ಬರೆದಿಟ್ಟುಕೊಂಡು, ಚಿತ್ರ ಓಡುವಾಗ ಒಬ್ಬರು ಮೈಕಿನಲ್ಲಿ ಮೆಲ್ಲಗೆ ಓದುತ್ತಾರೆ. ಎಲ್ಲ ಮಾತನ್ನೂ ಓದಿದರೆ ಕೆಡುತ್ತದೆ. ನಾಲ್ಕರಲ್ಲಿ ಒಂದು ಓದಿದರೆ ಸಾಕು, ಉಳಿದದ್ದನ್ನು ಮುಖಗಳೇ ಹೇಳುತ್ತವೆ. ಇದು ಎರಡು ಪ್ರದರ್ಶನ ಕೆಡಿಸಿದ ಮೇಲೆ ನಮಗೆ ತಿಳಿದದ್ದು. ಹಕ್ಕುದಾರರಿಂದ ಅನುಮತಿ ಪಡೆಯುವ ಕೆಲಸವನ್ನೂ ಈಗ ಎರಡು ತಿಂಗಳು ಮೊದಲೇ ಶುರುಮಾಡುತ್ತೇವೆ. ಒಮ್ಮೆ ಆ ಪತ್ರ ಬರುವುದು ತಡವಾಗಿ, ಬಾಗಿಲಿಗೆ ಬಂದ ಜನರಿಗೆ ಕೈಮುಗಿದು ವಾಪಸು ಕಳಿಸಿದ್ದೆವು. ಆ ದಿನ ದೂರದ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದ ಒಂದು ಕುಟುಂಬ ಮತ್ತೆ ಬರಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಹೀಗೆಲ್ಲ ಆದಮೇಲೆ ಕಳೆದ ಜುಲೈಯಲ್ಲಿ ‘ಪಥೇರ್ ಪಾಂಚಾಲಿ’ ಹಾಕಿದೆವು. ಹೊರಗೆ ಜಡಿಮಳೆ. ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮೈಕಿನ ಓದು ಕೇಳಿಸದೆ, ಅರ್ಧದಲ್ಲಿ ಓದುವುದನ್ನೇ ನಿಲ್ಲಿಸಿದೆವು. ಯಾರೂ ಏಳಲಿಲ್ಲ. ಕೆರೆಯ ನೀರಿನ ಮೇಲೆ ಹುಳುಗಳು ಓಡಾಡುತ್ತವೆ, ಗಾಳ ಹಾಕಿ ಕೂತ ಬೋಳುತಲೆಯವನ ನೆತ್ತಿಯ ಮೇಲೆ ಮೊದಲ ಹನಿ ಬೀಳುತ್ತದೆ. ಪರದೆಯ ಮೇಲೂ ಮಳೆ, ಮಾಡಿನ ಮೇಲೂ ಮಳೆ. ಕತೆಯ ಹುಡುಗಿ ದುರ್ಗಾ ನೆನೆಯುತ್ತಾಳೆ, ಜ್ವರ ಬರುತ್ತದೆ, ತೀರಿಹೋಗುತ್ತಾಳೆ. ಊರಿಂದ ಮರಳಿದ ಅಪ್ಪ ಮಗಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಟ್ಟಾಗ ಅವಳು ಬಾಯಿ ತೆರೆದು ಅಳುತ್ತಾಳೆ. ಆ ಅಳು ನಮಗೆ ಕೇಳಿಸುವುದಿಲ್ಲ. ಅದರ ಬದಲು ತಾರ್ ಶಹನಾಯಿ ಎಂಬ ತಂತಿವಾದ್ಯ ಮೊಳಗುತ್ತದೆ. ಆ ಹೊತ್ತಿಗೆ ಸಭಾಂಗಣದಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಕೊನೆಯಲ್ಲಿ ಊರು ಬಿಡಲು ಸಾಮಾನು ಕಟ್ಟುವಾಗ ದುರ್ಗಾಳ ತಮ್ಮ ಅಪುವಿಗೆ ಒಂದು ಸರ ಸಿಗುತ್ತದೆ. ಸತ್ತ ಅಕ್ಕನ ಮೇಲೆ ಕಳವಿನ ಆರೋಪ ಬಂದಿದ್ದ ಸರ. ಹುಡುಗ ಅದನ್ನು ಯಾರಿಗೂ ತೋರಿಸದೆ ಕೆರೆಗೆ ಎಸೆಯುತ್ತಾನೆ. ಪಾಚಿ ಬಿರಿಯುತ್ತದೆ, ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ.

ದೀಪ ಹಾಕಿದ ಮೇಲೆ ಯಾರಾದರೂ ಮಾತಾಡಿ ಎಂದು ನಾನು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂರನೆಯ ಸಾಲಿನಿಂದ, ಶುಂಠಿ ಗದ್ದೆಯ ಕೆಲಸಕ್ಕೆ ಹೋಗುವ ಹೆಂಗಸೊಬ್ಬಳು, ಕೂತಲ್ಲಿಂದಲೇ ಅಂದಳು: ‘ಅಕ್ಕ ಕದ್ದದ್ದು ಅವನಿಗೆ ಒಬ್ಬನಿಗೇ ಗೊತ್ತಾಯ್ತು. ಪಾಚಿ ಮುಚ್ಚಿಕೊಂಡಿತಲ್ಲ, ಇನ್ನು ಯಾರಿಗೂ ಗೊತ್ತಾಗೋದಿಲ್ಲ ಬಿಡಿ. ಆದರೆ ಅವನು ಸಾಯೋ ತನಕ ಹೊತ್ತುಕೊಂಡಿರಬೇಕು.’ ಅವಳ ಪಕ್ಕದವರು, ತಾಯಿಗಾದರೂ ಹೇಳಬೇಕಿತ್ತು ಅಂದರು. ಹೇಳಿದ್ದರೆ ತಾಯಿಗೆ ಇನ್ನೂ ಕಷ್ಟ ಎಂದು ಹಿಂದಿನ ಸಾಲಿನಿಂದ ಇನ್ನೊಬ್ಬರು. ಮಾತು ಹತ್ತಿಕೊಂಡಿತು. ಮಳೆ ಕಡಿಮೆಯಾಗಲಿ ಎಂದು ಜಗಲಿಯಲ್ಲಿ ನಿಂತಾಗಲೂ ಅದೇ ಮಾತು ನಡೆದಿತ್ತು. ಬೀಗದ ಕೈ ಹಿಡಿದು ನಿಂತಿದ್ದ ಶಾಲೆಯ ಕಾವಲುಗಾರರು, ಆ ಸರ ಅವಳು ನಿಜವಾಗಿ ಯಾಕೆ ತೆಗೆದಿದ್ದು ಎಂದು ನನ್ನನ್ನು ಕೇಳಿದರು. ನನ್ನ ಗೆಳೆಯರು, ‘ಹಿಡಿಸೋದಿಲ್ಲ’ ಅಂದಿದ್ದವರು, ನನಗಿಂತ ಮುಂಚೆ ಉತ್ತರ ಹೇಳಲು ಶುರುಮಾಡಿದರು.